ತಮ್ಮಯ್ಯನೂ ತಿರುಗದ ಸ್ಕ್ರೂವೂ

ಹಳ್ಳಿಮೈಸೂರಿನ ಪಂಪ್‌ಸೆಟ್ ಮೆಕ್ಯಾನಿಕ್ ತಮ್ಮಯ್ಯ ಈವರೆಗೆ ಮೂರು ಸಲ ನಿವೃತ್ತಿ ಘೋಷಿಸಿದ್ದಾನೆ. ಮೊದಲ ಸಲ ಮಂಡಿನೋವಿಗೆ, ಎರಡನೆಯ ಸಲ ಕಣ್ಣಿನ ಆಪರೇಷನ್ನಿಗೆ, ಮೂರನೆಯ ಸಲ ಕಾರಣವೇ ಇಲ್ಲದೆ, ಬರೀ ಸಾಕಾಯಿತೆಂದು. ಘೋಷಣೆ ಊರಿಗೆಲ್ಲ ಮುಟ್ಟಿತು. ಕೆಟ್ಟು ನಿಂತ ಮೋಟಾರುಗಳಿಗೆ ಮಾತ್ರ ಯಾರೂ ತಿಳಿಸಲಿಲ್ಲ. ನಲವತ್ತು ವರ್ಷ ಬಾವಿಕಟ್ಟೆಗಳ ಮೇಲೆ ಕುಕ್ಕರಗಾಲಲ್ಲಿ ಕೂತ ಮಂಡಿಗಳು ಈಗ ಕೂರುವಾಗ ಒಂದು ಸದ್ದು, ಏಳುವಾಗ ಇನ್ನೊಂದು ಸದ್ದು ಮಾಡುತ್ತವೆ. ಆದರೆ ತಮ್ಮಯ್ಯ ಕೂಡಿಸಿದ ಪೈಪು ಒಂದು ತೊಟ್ಟೂ ಸೋರುವುದಿಲ್ಲ ಎಂಬ ಮಾತು ಸುತ್ತ ಹತ್ತೂರಲ್ಲಿದೆ. ರಾಜಮಹಾರಾಜರಿಗೆ ಉದ್ದುದ್ದ ಬಿರುದುಗಳಿದ್ದವು. ತಮ್ಮಯ್ಯನಿಗೆ ಇದೊಂದೇ.

ಇಂಥ ವೀರನಿಗೆ ಕಳೆದ ಬುಧವಾರ ಬೆಳಿಗ್ಗೆ ಒಂದು ಸ್ಕ್ರೂ ಸವಾಲೆಸೆಯಿತು. ಗಾತ್ರದಲ್ಲಿ ಹುಣಸೆ ಬೀಜಕ್ಕಿಂತ ಕೊಂಚ ದೊಡ್ಡದು.

ಸ್ಕ್ರೂ ಇದ್ದದ್ದು ಬೆಟ್ಟಮ್ಮನ ದೋಣಿ ಮೋಟಾರಿನ ಪಾದದಲ್ಲಿ. ಬೆಟ್ಟಮ್ಮ ಅರಕಲಗೂಡು ಕಡೆಯ ಹೇಮಾವತಿ ಹಿನ್ನೀರಿನಲ್ಲಿ ದೋಣಿ ನಡೆಸುವವಳು. ಆಚೆ ದಡದ ಹನ್ನೊಂದು ಮನೆಗಳ ಹಾಲಿನ ಕ್ಯಾನುಗಳನ್ನು ಎರಡು ಹೊತ್ತೂ ಈಚೆ ದಡಕ್ಕೆ ತಂದು ಡೇರಿ ಗಾಡಿಗೆ ಮುಟ್ಟಿಸುತ್ತಾಳೆ. ಮೋಟಾರಿನ ಬುಡದಲ್ಲಿ, ನೀರು ತಳ್ಳುವ ಫ್ಯಾನಿನ ಪಕ್ಕದಲ್ಲಿ, ಗೇರುಗಳ ಪುಟ್ಟ ಪೆಟ್ಟಿಗೆಯಿದೆ. ಅಂದು ಬೆಟ್ಟಮ್ಮ ಮೇಲಿನ ಸ್ಕ್ರೂ ಬಿಚ್ಚಿ ನೋಡಿದಾಗ ಒಳಗಿನ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಅಂದರೆ ನೀರು ಸೇರಿದೆ. ಹಾಗೇ ಓಡಿಸಿದರೆ ಗೇರು ತಿಂದುಹೋಗುತ್ತದೆ. ಆಯಿಲ್ ಬಸಿಯಬೇಕೆಂದರೆ ಕೆಳಗಿನ ಸ್ಕ್ರೂ ಬಿಚ್ಚಬೇಕು. ಅದು ಜಪ್ಪಯ್ಯ ಎನ್ನಲಿಲ್ಲ.

ತಮ್ಮಯ್ಯ ತನ್ನ ಟಿವಿಎಸ್ಸಿನಲ್ಲಿ ಆಯುಧಗಳ ಸಮೇತ ಬಂದಿಳಿದ. ದೊಡ್ಡ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ. ಸ್ಕ್ರೂವಿನ ಗೀಟು ಸವೆಯಿತೇ ಹೊರತು ಸ್ಕ್ರೂ ಅಲುಗಲಿಲ್ಲ. ಸೀಮೆಎಣ್ಣೆ ಬಿಟ್ಟು ಒಂದು ಗಂಟೆ ಕಾದ. ಸ್ಕ್ರೂ ಸೀಮೆಎಣ್ಣೆ ಕುಡಿದು ಇನ್ನಷ್ಟು ಹಟ ಹಿಡಿಯಿತು. ಚಾಣ ಇಟ್ಟು ಸುತ್ತಿಗೆಯಲ್ಲಿ ತಟ್ಟಿದ. ತಟ್ಟಿದ ಸದ್ದಿಗೆ ಹಿನ್ನೀರಿನ ಬೆಳ್ಳಕ್ಕಿಗಳು ಎದ್ದು ಹೋದವು, ಶತ್ರು ಕದಲಲಿಲ್ಲ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಮ್ಮ ಸೇನಾಪತಿ ಕಲ್ಲಿಗೊರಗಿ ಕಾಲು ಚಾಚಿ ಕೂತಿದ್ದ. ಕೈಯಲ್ಲಿ ಕಸುವಿರಲಿಲ್ಲ. ಬಾಯಲ್ಲಿ ಇತ್ತು.

"ಯಾವ ದರಬೇಸಿ ಕಣವ್ವ ಇದ ಬಿಗ್ದೋನು? ಕೈಗೆ ಸಿಕ್ರೆ ಇದೇ ಸ್ಪಾನರಲ್ಲಿ ಅವ್ನ ಕಿವಿ ತಿರುಗುಸ್ತೀನಿ."

"ಮೊದ್ಲು ಸ್ಕ್ರೂ ತಿರುಗ್ಸಣ್ಣ," ಎಂದಳು ಬೆಟ್ಟಮ್ಮ. "ಕಿವಿ ಆಮ್ಯಾಕೆ ನೋಡವ."

ಉಳಿದಿದ್ದ ಕೊನೆಯ ಅಸ್ತ್ರ ಡ್ರಿಲ್. ಕೊರೆದುಬಿಡಲೇ ಎಂದು ಕೇಳಿದ. ಬೆಟ್ಟಮ್ಮ ಮೋಟಾರಿನ ಮುಂದೆ ಬಂದು ನಿಂತಳು. ಪೆಟ್ಟಿಗೆ ಅಲ್ಯೂಮಿನಿಯಂನದು, ಕೊರೆಯುವಾಗ ಬಿರುಕು ಬಿಟ್ಟರೆ ಬೇರೆಯದು ಹಾಸನದಲ್ಲಿ ಸಿಗುವುದಿಲ್ಲ. ಸಮುದ್ರದ ಕಡೆಯಿಂದ ಬರಬೇಕು, ತಿಂಗಳಾದರೂ ಹಿಡಿಯುತ್ತದೆ. ಅಲ್ಲಿಯತನಕ ಹುಟ್ಟು ಹಾಕಬೇಕು. ಬೆಟ್ಟಮ್ಮನ ಬಲಭುಜಕ್ಕೆ ಆಪರೇಷನ್ ಆಗಿ ಇನ್ನೂ ವರ್ಷ ತುಂಬಿಲ್ಲ.

"ಬ್ಯಾಡ ಕಣಣ್ಣ. ಇದು ಒಡ್ದೋದ್ರೆ ನಾ ಯಾವ ಭುಜ್ದಲ್ಲಿ ಹುಟ್ಟಾಕ್ಲಿ?"

ತಮ್ಮಯ್ಯ ಡ್ರಿಲ್ ಚೀಲಕ್ಕೆ ಹಾಕಿದ. ಮಂಡಿಯ ಸದ್ದು ಮಾಡುತ್ತ ಮತ್ತೆ ಕೂತು, ಕನ್ನಡಕ ಏರಿಸಿ, ಶತ್ರುವಿನ ಮುಖವನ್ನು ಅಂದು ಮೊದಲ ಸಲ ಹತ್ತಿರದಿಂದ ನೋಡಿದ. ಸ್ಕ್ರೂವಿನ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿತ್ತು. ಉಗುರಿನಿಂದ ಕೆರೆದರೆ ಅದರಡಿ ಕೆಂಪು ಪೇಂಟು. ಪೇಂಟಿನೊಳಗೆ ಒಂದೆಳೆ ಸೆಣಬಿನ ನಾರು.

ಹಳ್ಳಿಮೈಸೂರಿನಿಂದ ಹಿರೀಸಾವೆಯವರೆಗೆ ನೀರು ಸೋರದಿರಲೆಂದು ಪೈಪಿನ ತಿರುಪು ಗೆರೆಗಳಿಗೆ ನಾರು ಸುತ್ತಿ ಪೇಂಟು ಬಳಿಯದ ಫಿಟ್ಟರ್ ಇಲ್ಲ. ಆದರೆ ದೋಣಿ ಮೋಟಾರಿನ ಸ್ಕ್ರೂವಿಗೂ ಆ ಮರ್ಯಾದೆ ಮಾಡುವವನು ಒಬ್ಬನೇ. ಹಿಂದಿನ ಸಲ ಆಯಿಲ್ ಬದಲಿಸುವಾಗ ಸ್ಕ್ರೂವಿನ ವಾಷರ್ ಕೈಜಾರಿ ಕೆಸರಿಗೆ ಬಿದ್ದಿತ್ತು. ವಾಷರ್ ಹುಡುಕುವುದಕ್ಕೆ ಬಗ್ಗಲು ಬೇಸರವಾಗಿ, ಚೀಲದಲ್ಲಿದ್ದ ನಾರು ಸುತ್ತಿ, ಪೇಂಟು ಬಳಿದು, ಕೈಕೊಸರು ಎಂದು ಇನ್ನೂ ಅರ್ಧ ಸುತ್ತು ಬಿಗಿದವನು ಈಗ ಅದೇ ಕನ್ನಡಕದೊಳಗಿಂದ ನೋಡುತ್ತಿದ್ದ. ನಾರು ಕೊಳೆತು ನೀರಿಗೆ ದಾರಿ ಕೊಟ್ಟಿತ್ತು. ಪೇಂಟು ಗಟ್ಟಿಯಾಗಿ ಸ್ಕ್ರೂವನ್ನು ಹಿಡಿದಿತ್ತು.

ಅವನು ಉಗುರಿಗಂಟಿದ ನಾರನ್ನು ಕಲ್ಲಿಗೆ ಒರೆಸಿ ಕನ್ನಡಕ ತೆಗೆದ.

"ಬೆಟ್ಟಮ್ಮ, ಇದು ನಂದೇ ಕೆಲ್ಸ ಕಣವ್ವ."

"ಗೊತ್ತು. ಓದ ಸಂಕ್ರಾಂತಿಲಿ ನೀನೇ ಅಲ್ವ ಬಿಗ್ದಿದ್ದು. ಬೆಳಗಿಂದ ಯೋಳಾನ ಅಂತಿದ್ದೆ. ನೀ ಬೈಯೋ ಉರುಪಲ್ಲಿದ್ದೆ, ಯಾಕ್ ಅಡ್ಡ ಬರ್ಲಿ ಅಂದ್ಕಂಡೆ."

ತನ್ನ ಕಿವಿಯ ವಿಚಾರ ತಮ್ಮಯ್ಯ ಮತ್ತೆ ಎತ್ತಲಿಲ್ಲ. ಹಿಡಿದಿರುವುದು ಪೇಂಟು ಎಂದ ಮೇಲೆ ಮದ್ದು ಗೊತ್ತಿತ್ತು. ಬೆಂಕಿ ತೋರಿಸಿದರೆ ಒಳಗಿನ ರಬ್ಬರ್ ಸೀಲು ಸುಡುತ್ತದೆ, ಬಿಸಿನೀರಾದರೆ ಆಗಬಹುದು. ಬೆಟ್ಟಮ್ಮ ಮೂರು ಕಲ್ಲು ಹೂಡಿ ನೀರು ಕುದಿಸಿದಳು. ಅವನು ಹಳೆಯ ಪಂಚೆಯನ್ನು ಕುದಿನೀರಿನಲ್ಲಿ ಅದ್ದಿ ಅದ್ದಿ ಗೇರುಪೆಟ್ಟಿಗೆಗೆ ಸುತ್ತಿದ. ಬೆರಳುಗಳಲ್ಲಿ ಬೊಬ್ಬೆ ಎದ್ದವು. ಅಷ್ಟರಲ್ಲಿ ತಮ್ಮಯ್ಯ ಫೋನ್ ಮಾಡಿ ಕರೆಸಿಕೊಂಡಿದ್ದ ಬೈಕ್ ಮೆಕ್ಯಾನಿಕ್ ಕೀರ್ತಿರಾಜ್ ಹಳ್ಳಿಮೈಸೂರಿನಿಂದ ಬಂದ; ಸುತ್ತಿಗೆಯಲ್ಲಿ ಹೊಡೆದರೆ ತಾನೇ ತಿರುಗುವ ಸ್ಕ್ರೂಡ್ರೈವರನ್ನೂ, ಅಳತೆಗೆ ಒಪ್ಪುವ ನಾಲ್ಕು ವಾಷರುಗಳನ್ನೂ, ಒಂದು ಡಬ್ಬಿ ಗೇರ್ ಆಯಿಲನ್ನೂ ಕೊಟ್ಟು, ನಗು ಅದುಮಿಕೊಂಡು ಹೊರಟುಹೋದ.

ತಮ್ಮಯ್ಯ ಸವೆದ ಗೀಟನ್ನು ಚಾಣದಿಂದ ಆಳ ಮಾಡಿಕೊಂಡ. ಬಿಚ್ಚುವ ಮೊದಲು, ಪೇಂಟಿನ ಹಿಡಿತ ಬಿರಿಯಲೆಂದು, ಕೂದಲೆಳೆಯಷ್ಟು ಬಿಗಿಯುವ ಕಡೆಗೇ ಒಂದೇಟು ಕೊಟ್ಟ. ಆಮೇಲೆ ಬಿಚ್ಚುವ ಕಡೆಗೆ ಮೂರು. ಮೂರನೆಯ ಏಟಿಗೆ ಕಿರ್ ಎಂದಿತು. ರಣಕಹಳೆ ಊದುವವರು ಯಾರೂ ಇರಲಿಲ್ಲ. ಇದ್ದಿದ್ದರೂ ಸುಮ್ಮನಿರಪ್ಪ ಎನ್ನುತ್ತಿದ್ದನೇನೋ, ಅಷ್ಟು ಸೋತಿದ್ದ.

ಬಸಿದ ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡಿದ. ಕಬ್ಬಿಣದ ಪುಡಿ ಸಿಗಲಿಲ್ಲ, ಗೇರು ಉಳಿದಿತ್ತು. ಹೊಸ ಆಯಿಲ್ ತುಂಬಿ, ವಾಷರ್ ಹಾಕಿ, ಎಷ್ಟು ಬೇಕೋ ಅಷ್ಟೇ ಬಿಗಿದ. ಸಂಜೆ ಹಾಲಿಗೆ ಹೊತ್ತಾಗಿತ್ತು. ಮನೆಗೆ ಹೊರಡುತ್ತೇನೆ ಎಂದವನಿಗೆ ಬೆಟ್ಟಮ್ಮ ದೋಣಿ ತೋರಿಸಿದಳು.

"ದೋಣಿ ಅತ್ತಣ್ಣ. ನಡುನೀರಲ್ಲಿ ಕೈಕೊಟ್ರೆ ಹುಟ್ಟಾಕಕ್ಕೆ ನೀ ಇರ್ಬೇಕು."

ಹೋಗುವಾಗ ಬರಿ ಕ್ಯಾನು, ಬರುವಾಗ ತುಂಬಿದ ಕ್ಯಾನು, ನಡುವೆ ತಮ್ಮಯ್ಯ. ದಾರಿಯುದ್ದಕ್ಕೂ ಹಿಂದಕ್ಕೆ ತಿರುಗಿ, ನೀರಿನ ಮೇಲೆ ಎಣ್ಣೆಯ ಬಣ್ಣ ತೇಲುತ್ತದೆಯೇ ಎಂದು ನೋಡುತ್ತಲೇ ಇದ್ದ. ತೇಲಲಿಲ್ಲ. ಈಚೆ ದಡದಲ್ಲಿ ಡೇರಿಯವರು ಕ್ಯಾನು ಇಳಿಸಿಕೊಂಡರು. ಬೆಟ್ಟಮ್ಮ ಮೋಟಾರು ನಿಲ್ಲಿಸಿ, ಇನ್ನು ಇಳಿಯಣ್ಣ ಎಂದಳು. ಒಂದು ಗಳಿಗೆ ತಡೆಯವ್ವ ಎಂದು ತಮ್ಮಯ್ಯ ಅಲ್ಲೇ ಹಲಗೆಯ ಮೇಲೆ ಮಲಗಿದ.