ಟಿವಾಕ್ಕನ ಜಗಳದ ಗೊಜ್ಜು

ಎಜಿಸು ಬಸ್ ಸ್ಟ್ಯಾಂಡಿನಲ್ಲಿ ನನ್ನ ಹೊಲಿಗೆ ಯಂತ್ರದ ಪಕ್ಕವೇ ಟಿವಾಕ್ಕನ ಒಲೆ. ಬೇಯಿಸಿದ ಬಾಳೆಕಾಯಿ, ಮೇಲೆ ಕೊಂಟೊಮಿರೆ ಗೊಜ್ಜು. ಮೂವತ್ತು ವರ್ಷದಿಂದ ಇಷ್ಟೇ. ಬೆಂದ ಕೆಸುವಿನ ಸೊಪ್ಪನ್ನು ಮಣ್ಣಿನ ಬೋಗುಣಿಯಲ್ಲಿ ಅರೆದು, ತಾಳೆ ಎಣ್ಣೆ ಸುರಿದು, ಮೊಮೊನಿ ಎಂಬ ನಾರುವ ಉಪ್ಪುಮೀನು ಹಾಕಿದರೆ ಆಯಿತು.

ಇದನ್ನು ಲೋಕಕ್ಕೆ ಕೊಟ್ಟವಳು ತನ್ನ ಅಜ್ಜಿಯ ಅಜ್ಜಿ ಎಂದು ಅವಳ ವಾದ. ಕೋಕೋ ತೋಟದಲ್ಲಿ ತಾನಾಗಿ ಎದ್ದ ಸೊಪ್ಪು ಕಂಡು ಆ ಮುದುಕಿ ಅಡುಗೆ ಹೂಡಿದಳಂತೆ. ಅದಕ್ಕಾಗಿ ಇಬ್ಬರು ಸವತಿಯರು ಕಿತ್ತಾಡಿ, ‘ಪಲಾವಾ’, ಅಂದರೆ ಜಗಳ, ಎಂಬ ಹೆಸರೂ ಬಂತಂತೆ. ಹಿಂದಿನ ವಾರ ಹೇಳಿದಾಗ ಸವತಿಯರು ಮೂವರಿದ್ದರಲ್ಲ ಎಂದು ಕೇಳಿದೆ.

“ಒಬ್ಬಳು ತವರಿಗೆ ಹೋಗಿದ್ದಾಳೆ ಕಣೆ, ನಿಂಗ್ಯಾಕೆ?” ಎಂದಳು.

ಹೋದ ವರ್ಷ ಜ್ವರದಿಂದ ಎದ್ದ ಮೇಲೆ ಅವಳೇ ಜಗಳ ಶುರುಮಾಡಿದಳು. ಗಿರಾಕಿ ತುತ್ತು ಬಾಯಿಗಿಟ್ಟರೆ ಸಾಕು, “ಏನ್ ಕಡಿಮೆಯಾಗಿದೆ, ಬೊಗಳು!” ಡ್ರೈವರ್ ಬೊಅಹೆನ್ “ಉಪ್ಪು” ಎಂದರೆ, “ನಿನ್ ನಾಲಿಗೆ ತುಕ್ಕು ಹಿಡಿದಿದೆ, ಹೋಗೋ” ಎಂದು ಅಟ್ಟಿ, ಬೆನ್ನು ತಿರುಗಿಸಿ ಒಂದು ಚಿಟಿಕೆ ಹಾಕುವಳು.

ಒಂದು ದಿನ ಮೊಮೊನಿಯನ್ನು ನನ್ನ ಮೂಗಿಗೇ ಹಿಡಿದಳು. “ಸರಿಯಾಗಿ ನಾರ್ತಿದೆಯೇನೆ ಅಬ್ರಫಿ?”

ಇಡೀ ಸ್ಟ್ಯಾಂಡು ಮೂಗು ಮುಚ್ಚಿಕೊಂಡಿತ್ತು. ಆಗ ನನಗೆ ಗೊತ್ತಾಯಿತು, ಜ್ವರ ಅವಳ ಮೂಗು ನಾಲಿಗೆ ಎರಡನ್ನೂ ಕೊಂಡೊಯ್ದಿತ್ತು.

“ಯಾರಿಗಾದ್ರೂ ಹೇಳಿದ್ರೆ ನೋಡು! ರುಚಿ ಗೊತ್ತಿಲ್ದೋಳ ಅಡುಗೆ ಯಾರು ತಿಂತಾರೆ? ಒಲೆ ಆರಿಸ್ಬೇಕಷ್ಟೆ.”

ನಾನು ಯಾರಿಗೂ ಹೇಳಲಿಲ್ಲ, ಬೊಅಹೆನ್‌ಗೆ ಬಿಟ್ಟು. ಅವನೂ ಯಾರಿಗೂ ಹೇಳಲಿಲ್ಲ, ಸ್ಟ್ಯಾಂಡಿನವರಿಗೆ ಬಿಟ್ಟು.

ಮರುದಿನ ಎಲ್ಲರಿಗೂ ಅವಳ ಮೇಲೆ ಕನಿಕರ ಉಕ್ಕಿತು. “ಅಮೃತ ಕಣಕ್ಕಾ!” “ಏನೂ ಕಡಿಮೆಯಿಲ್ಲ!” ಗುಟ್ಟು ರಟ್ಟಾಗಿದೆ ಎಂದು ಟಿವಾಕ್ಕನಿಗೆ ತಿಳಿದುಹೋಯಿತು. ಬೆಂಕಿಗೆ ಸುರಿಯಲು ನೀರಿನ ಚೊಂಬು ಎತ್ತಿಕೊಂಡಳು. ನನ್ನ ಹರಕು ಬಾಯಿಯ ಮೇಲೆ ನನಗೇ ಹೇಸಿಗೆಯಾಯಿತು.

ಓಡಿಹೋಗಿ ಒಂದು ತುತ್ತು ತಿಂದೆ. ಉಪ್ಪೇ ಇರಲಿಲ್ಲ.

“ಥೂ, ಇದೇನು ಗೊಜ್ಜಾ, ಮೇಕೆಗೆ ಹಾಕೋ ಸೊಪ್ಪಾ?” ಎಂದು ಕೂಗಿದೆ.

ಬೊಅಹೆನ್ ತಲೆತಗ್ಗಿಸಿದ. “ಹೌದಕ್ಕಾ, ಸಪ್ಪೆ. ಖಾರಾನೂ ಸಾಲ್ದು. ಆದ್ರೆ ನಾವ್ ಬೇರೆ ಕಡೆ ತಿನ್ನಲ್ಲ.”

“ಅಯೋಗ್ಯರಾ, ಇಷ್ಟೊತ್ತು ಬಾಯಲ್ಲೇನು ಬಾಳೆಕಾಯಿ ತುರುಕ್ಕೊಂಡಿದ್ರಾ?” ಎಂದು ರೇಗಿದಳು. ತುರುಕಿಕೊಂಡೇ ಇದ್ದರು.

ಅವಳು ಚೊಂಬು ಕೆಳಗಿಟ್ಟಳು. ಉಪ್ಪಿನ ಡಬ್ಬಿಯನ್ನು ಬೊಅಹೆನ್ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು:

“ನೀನೇ ಹಾಕಪ್ಪ. ನಂಗೆ ರುಚಿ ಗೊತ್ತಾಗಲ್ಲ.”