ತೊಟ್ಟಿಲಿಗೆ ಹಾಕಿದ ಕತ್ತರಿ

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ಮರುದಿನ ಬೀಡಿ ಊರಿನ ನಮ್ಮ ಮನೆಯಲ್ಲಿ ಹಂಡೆ, ಪಾತೇಲಿ ತಿಕ್ಕಿ ತಿಕ್ಕಿ ನನ್ನ ಸೊಂಟ ಹಿಡಿದಿತ್ತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಆದರೂ ಗಳಿಗೆಗೊಮ್ಮೆ ಹೋಗಿ ಕೂಸಿನ ಮುಖ ನೋಡಿ ಬರುತ್ತಿದ್ದೆ. ಮಗಳಿಗೆ ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಕೂಸು. ಆ ಸಂತೋಷ ಬರೆಯಲು ನನ್ನ ನಾಲ್ಕನೆಯ ಇಯತ್ತೆಯ ಅಕ್ಷರ ಎಲ್ಲಿ ಸಾಲುತ್ತದೆ!

ನಮ್ಮ ಮನೆಯ ಕೂಸುಗಳಿಗೆಲ್ಲ ಕಿವಿಯಲ್ಲಿ ಹೆಸರು ಕೂಗಿದವಳು ಟಿಳಕವಾಡಿಯಲ್ಲಿರುವ ನನ್ನ ಅಕ್ಕ. ಈ ಸಲ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಮಲಗಿದ್ದಳು. "ಬರಾಕಂತೂ ಆಗಲಿಲ್ಲ. ಕಣ್ಣಿಂದರ ನೋಡತೇನಿ, ಇವತ್ತ ವಿಡಿಯೊ ಕಳಸು" ಎಂದು ಮುಂಜಾನೆಯೇ ಫೋನ್ ಮಾಡಿದ್ದಳು.

ಪೀರನವಾಡಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅಳಿಯ ಹಿಂದಿನ ದಿನ ತೆಗೆದ ವಿಡಿಯೊ ತುಣುಕುಗಳನ್ನು ತನ್ನ ಫೋನಿನಲ್ಲೇ ಜೋಡಿಸಿದ್ದ. ಅವನ್ನೆಲ್ಲ ಒಂದೇ ವಿಡಿಯೊ ಮಾಡಿ ಹೊರಗೆ ತೆಗೆಯುವುದಕ್ಕೆ ಎಕ್ಸ್‌ಪೋರ್ಟ್ ಅನ್ನುತ್ತಾರಂತೆ. ಅದು ಅರ್ಧಕ್ಕೆ ಬರುವಷ್ಟರಲ್ಲಿ ಯಾರಾದರೂ ಬೀಗರು ಫೋನ್ ಮಾಡುವರು, "ವಿಡಿಯೊ ಎಲ್ಲಿಗೆ ಬಂತ್ರಿ?" ಫೋನ್ ಬಂದ ಕೂಡಲೇ ಎಕ್ಸ್‌ಪೋರ್ಟ್ ನಿಂತುಹೋಗುವುದು. ಮತ್ತೆ ಮೊದಲಿನಿಂದ.

"ಕೇಳೋದು ಬಿಟ್ರ ಬರತೈತಿ ಅಂತ ಇವರಿಗೆ ಯಾರು ಹೇಳಬೇಕ್ರಿ ಅತ್ತಿ?" ಎಂದು ಅಳಿಯ ಕಡೆಗೆ ಸಿಮ್ಮನ್ನೇ ಬಂದ್ ಮಾಡಿದ.

ಸಂಜೆಗೆ ವಿಡಿಯೊ ಹೊರಬಂತು. ಆದರೆ ಬಹಳ ದೊಡ್ಡದು, ಅಕ್ಕನ ಹಳೆಯ ಫೋನಿನಲ್ಲಿ ಜಾಗವಿಲ್ಲ.

"ಆರತಿ ಮಾಡಿದ ಹೆಂಗಸರ ಸಾಲು ಕಟ್ ಮಾಡೂಣ್ರಿ."

"ಏನಂದ್ರಿ ಅಳಿಯದೇವ್ರ? ತೊಟ್ಟಿಲಕ್ಕ ಕೈ ಹಚ್ಚಿದ ಮುತ್ತೈದೇರಿಗೆ ಕತ್ತರಿ ಹಾಕತೀರೇನು? ಒಬ್ಬಾಕಿನೂ ಬಿಡಬ್ಯಾಡ್ರಿ."

"ಹಂಗಾರ ಕಂಪ್ರೆಸ್ ಮಾಡಬೇಕ್ರಿ. ಒತ್ತಿ ಸಣ್ಣದು ಮಾಡೋದು."

"ಒತ್ತರಿ. ಹಾಸಿಗಿ ಸುತ್ತಿದಂಗ ಒತ್ತರಿ."

ಒತ್ತಿದ. ಸಿಮ್ ಚಾಲೂ ಮಾಡಿ ಕಳಿಸಿದ. ಸ್ವಲ್ಪ ಹೊತ್ತಿಗೆ ನನ್ನ ಫೋನಿಗೆ ಅಕ್ಕನ ಕರೆ.

"ಏನ್ ಕಳಸೀಯವ್ವಾ? ಎಲ್ಲಾರ ಮಾರಿನೂ ಗಂಜಿ ಕದಡಿದಂಗ ಐತಿ. ಕೂಸು ಯಾವುದು, ತಲಿದಿಂಬು ಯಾವುದು?" ನಗುತ್ತಲೇ ಶುರು ಮಾಡಿದಳು. ಕೊನೆಗೆ ದನಿ ಒಡೆಯಿತು.

ನಾನು ಗೋಡೆಗೆ ಒರಗಿ ಕುಳಿತೆ. ಆ ಹೆಂಗಸರೆಲ್ಲ ನಾಳೆ ನಳದ ಹತ್ತಿರ, ನಮ್ಮನ್ನು ಯಾಕೆ ತೆಗೆದಿರಿ ಎಂದು ಕೇಳುತ್ತಾರೆ. ಕೇಳಲಿ.

"ಕತ್ತರಿ ಹಾಕ್ರಿ," ಎಂದೆ ಅಳಿಯನಿಗೆ. "ಕೂಸೊಂದು ಇದ್ರ ಸಾಕು."

"ನೀವು ಜೋಗುಳ ಹಾಡಿದ್ದು?"

"ಅದನ್ನೂ ತಗೀರಿ."

ಕೂಸಿನ ತುಣುಕು ಚಿಕ್ಕದು, ಒತ್ತದೆಯೇ ಹೋಯಿತು. ಅಕ್ಕ ಮತ್ತೆ ಫೋನ್ ಮಾಡಿದಳು.

"ಗದ್ದಕ್ಕ ಕುಳಿ ಐತಲ್ಲ... ನಮ್ಮವ್ವನದು," ಎಂದಳು. "ಫೋನ್ ಕೂಸಿನ ಕಿವಿಗೆ ಹಿಡಿ."

ಹಿಡಿದೆ. ಅಕ್ಕ ಅಲ್ಲಿಂದಲೇ ಪದ್ಧತಿಯಂತೆ ಕುರ್ರ್ ಎಂದು ಹೆಸರು ಕೂಗಿದಳು. ಕೂಸು ನಿದ್ದೆಯಲ್ಲೇ ತುಟಿ ಅಲುಗಿಸಿತು.

"ಇನ್ನೊಮ್ಮೆ ಕೂಗಕ್ಕಾ," ಅಂದೆ.