ಮಂಟಪದಾಗಿನ ಗಿಳಿ ಅಂಚಿನ ಸೀರಿ

ಬನಹಟ್ಟಿಯೊಳಗ ನಮ್ಮ ಬಳಗದ ಹುಡುಗಿಯೊಬ್ಬಾಕಿ ತನ್ನ ಮದುವಿ ಮಂಟಪ ತಾನ ಸಿಂಗಾರ ಮಾಡಿದ್ಲು. ಹೂವು ಬ್ಯಾಡ ಅಂದು, ತನ್ನ ಮುತ್ಯಾ ಕೈಮಗ್ಗದಾಗ ನೇಯ್ದ ಹಳೇ ಸೀರಿ ಸುತ್ತೆಲ್ಲಾ ಇಳಿಬಿಟ್ಟಿದ್ಲು. ಆಡಿಕೊಳ್ಳಾಕಂತನ ನಾ ಮುಂದಿನ ಕುರ್ಚಿ ಹಿಡಿದಿದ್ದೆ.

ಅಷ್ಟರಾಗ ಹುಡುಗಿ ಅಜ್ಜಿ ಗಿಳಿ ಅಂಚಿನ ಕೆಂಪು ಸೀರಿ ಹಿಡಕೊಂಡು ಗಂಡನ್ನ ಕೇಳಿದ್ಲು: "ನನ್ನ ಮದುವಿಗಿ ನೇಯ್ದದ್ದು ಇದು. ಮಗ್ಗದಿಂದ ಜೋಡಿ ಸೀರಿ ಇಳೀತಾವು. ಇದರ ಜೋಡಿ ಯಾರಿಗಿ ಕೊಟ್ರಿ?"

ಮುತ್ಯಾ ಪೆಂಡಾಲ ನೋಡಕೋತ ಅಂದ: "ಲೋಕಾಪುರ ಸಂತ್ಯಾಗ ಮಾರೇನಿ."

"ಈ ಗಿಳಿ ನಿನ್ನ ಸಲುವಾಗಷ್ಟ ಅಂದಿದ್ರಲ್ರೀ!"

ಆಕಿ ನನ್ನ ಕಡೆ ತಿರುಗಿದ್ಲು. "ಯಕ್ಕಾ, ಊರ ಸುದ್ದಿ ಎಲ್ಲಾ ನಿನಗ ಗೊತ್ತು. ನೀನರ ಹೇಳ ಬೇ."

ಜನ್ಮದಾಗ ಮೊದಲನೇ ಸಲ ನನಗ ಯಾರ ಸುದ್ದಿನೂ ಗೊತ್ತಿರಲಿಲ್ಲ. ಮನಿಗಿ ಬಂದಾಕಿನ, ಒಳಗಿನ ಗಿಳಿ ಹಾರಿಹೋಗದಂಗ ನನ್ನ ಟ್ರಂಕಿಗಿ ಇನ್ನೊಂದು ಕೀಲಿ ಜಡದೆ.